ಸುಮ್ಮನೆ ನಿಲ್ಲಲಾಗದ ಒಂಟೆ

ಚದುರಂಗದ ಸಮಸ್ಯೆಗಳಲ್ಲಿ ನನಗೆ ಎರಡು ನಡೆಯವೇ ಇಷ್ಟ. ಚಿತ್ರದ ಕೆಳಗೆ ಒಂದೇ ಸಾಲು ಇರುತ್ತದೆ: ಬಿಳಿಯ ನಡೆ, ಎರಡರಲ್ಲಿ ಮೇಟ್. ಬಿಳಿ ಒಂದು ಕಾಯಿ ನಡೆಸಬೇಕು, ಕಪ್ಪು ತನಗೆ ತೋಚಿದ ಉತ್ತರ ಕೊಡಬಹುದು, ಬಿಳಿಯ ಎರಡನೇ ನಡೆಗೆ ಕಪ್ಪು ರಾಜ ಸಿಕ್ಕಿಬೀಳಬೇಕು. ಒಂದೇ ನಡೆಯ ಸಮಸ್ಯೆ ಕಣ್ಣಿನ ಕೆಲಸ, ನಿಧಾನವಾಗಿ ನೋಡಿದರೆ ಸಿಕ್ಕಿಬಿಡುತ್ತದೆ. ನಾಲ್ಕೈದು ನಡೆಯದಕ್ಕೆ ಲೆಕ್ಕ ಬೇಕು, ಕವಲುಗಳನ್ನೆಲ್ಲ ನೆನಪಿಟ್ಟುಕೊಳ್ಳುವ ತಲೆ ಬೇಕು. ಎರಡು ನಡೆಯದರಲ್ಲಿ ಎದುರಾಳಿಗೆ ಒಂದೇ ಒಂದು ಸಲ ಮಾತಾಡುವ ಅವಕಾಶ. ಅವನು ಏನೇನು ಹೇಳಬಹುದು ಎಂಬುದನ್ನು ಮೊದಲೇ ಕಿವಿಗೊಟ್ಟು ಕೇಳಿದವರಿಗೆ ಉತ್ತರ ಸಿಗುತ್ತದೆ, ಉಳಿದವರಿಗೆ ಸಿಗುವುದಿಲ್ಲ.

ಹಂಗೇರಿಯ ಲಾಸ್ಲೊ ಪೋಲ್ಗಾರ್ ತಮ್ಮ ಮೂವರು ಹೆಣ್ಣುಮಕ್ಕಳಿಗೆ ಮನೆಯಲ್ಲೇ ಚದುರಂಗ ಕಲಿಸಿ ಬೆಳೆಸಿದವರು. ಅವರ ದಪ್ಪ ಪುಸ್ತಕದಲ್ಲಿ ಒಟ್ಟು 5334 ಸಮಸ್ಯೆ ಮತ್ತು ಆಟಗಳಿವೆ. ಅದರಲ್ಲಿ ಒಂದು ನಡೆಯವು 306, ಮೂರು ನಡೆಯವು 744, ಎರಡು ನಡೆಯವು 3412. ಈ ಪಾಲು ಹೀಗೆ ಬಿದ್ದಿರುವುದು ಸುಮ್ಮನೆ ಅಲ್ಲ ಎಂದು ನನ್ನ ನಂಬಿಕೆ. ಮಕ್ಕಳ ಮನಸ್ಸು ಎದುರಾಳಿಯ ಕಡೆಗೆ ತಿರುಗುವುದು ಎರಡನೇ ನಡೆಯಲ್ಲೇ.

ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗುವಾಗ ನಾಮದ ಚಿಲುಮೆಯಲ್ಲಿ ಇಳಿದು ಸ್ವಲ್ಪ ಹೊತ್ತು ಕೂರುವುದು ನಮ್ಮ ಮನೆಯ ರೂಢಿ. ರಾಮ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟು ತರಿಸಿದ ಒರತೆ ಅದು ಎನ್ನುತ್ತಾರೆ. ಅಲ್ಲಿ ಮರದ ನೆರಳಲ್ಲಿ ತಮ್ಮನ ಮಗಳು ತನ್ನ ಮಡಚುವ ಮಣೆ ಬಿಚ್ಚಿದಳು. ಅಯಸ್ಕಾಂತದ ಕಾಯಿಗಳು, ಗಾಳಿಗೆ ಉರುಳುವುದಿಲ್ಲ. ಕೋತಿಗಳ ಮೇಲೆ ಮಾತ್ರ ಒಂದು ಕಣ್ಣಿಡಬೇಕು. ಅವಳಿಗೆ ನಾನು ಏಳು ಕಾಯಿ ಜೋಡಿಸಿ ಕೊಟ್ಟೆ.

ಕಪ್ಪು ರಾಜ ಎ8ರಲ್ಲಿ, ಮೂಲೆಗೆ. ಅವನ ಪಕ್ಕ ಬಿ8ರಲ್ಲಿ ಅವನದೇ ಒಂಟೆ. ಮುಂದೆ ಎ7, ಬಿ7ರಲ್ಲಿ ಅವನದೇ ಇಬ್ಬರು ಕಾಲಾಳುಗಳು. ಬಿಳಿ ರಾಜ ಸಿ8ರಲ್ಲಿ, ಬಿಳಿ ಕಾಲಾಳು ಬಿ6ರಲ್ಲಿ, ಬಿಳಿ ಆನೆ ದೂರದ ಎ1ರಲ್ಲಿ. ಇದು ಅಮೆರಿಕದ ಪಾಲ್ ಮಾರ್ಫಿ ಹುಡುಗನಾಗಿದ್ದಾಗ ಕಟ್ಟಿದ್ದು, 1856ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಮನೆಯಲ್ಲಿ ಮಣೆ ಇದ್ದವರು ಈಗಲೇ ಜೋಡಿಸಿಕೊಂಡು ಒಂದಷ್ಟು ಹೊತ್ತು ನೋಡಿ, ಆಮೇಲೆ ಮುಂದೆ ಓದಬಹುದು.

ಅವಳ ಕೈ ಮೊದಲು ಹೋದದ್ದು ಎಲ್ಲರ ಕೈಯೂ ಹೋಗುವ ಕಡೆಗೇ. ಆನೆ ಎತ್ತಿ ಎ7ರ ಕಾಲಾಳನ್ನು ಹೊಡೆದಳು. ಚೆಕ್. ಒಂಟೆ ಬಂದು ಆನೆಯನ್ನು ತಿಂದಿತು, ಆಟ ಕೆಟ್ಟಿತು. ಆನೆಯನ್ನು ಹಿಂದಿಟ್ಟು ಯೋಚಿಸಿದಳು. ಆ ಒಂಟೆಯಿಲ್ಲದಿದ್ದರೆ ಅದೇ ಹೊಡೆತಕ್ಕೆ, ಒಂದೇ ನಡೆಯಲ್ಲಿ, ಮೇಟ್ ಆಗಿಬಿಡುತ್ತಿತ್ತು ಎಂಬುದು ಅವಳಿಗೇ ಹೊಳೆಯಿತು. "ದೊಡ್ಡಪ್ಪ, ಈ ಒಂಟೆಗೆ ಇಲ್ಲಿ ನಿಂತ್ಕೊಳ್ಳೋದು ಬಿಟ್ರೆ ಬೇರೆ ಕೆಲಸಾನೇ ಇಲ್ಲ, ಅಲ್ವಾ?" ಎಂದಳು. ಸಮಸ್ಯೆಯ ಮುಕ್ಕಾಲು ಭಾಗ ಅಲ್ಲಿಗೆ ಬಿಡಿಸಿದಂತೆ. ಒಂಟೆ ಕದಲದಿದ್ದರೆ ಕಪ್ಪಿಗೆ ಕ್ಷೇಮ. ಆದರೆ ಚದುರಂಗದಲ್ಲಿ ಸರದಿ ಬಂದ ಮೇಲೆ ಸುಮ್ಮನಿರಲು ಬರುವುದಿಲ್ಲ, ಏನಾದರೊಂದು ನಡೆಸಲೇಬೇಕು.

ಹಾಗಿದ್ದರೆ ಬಿಳಿ ಸುಮ್ಮನೆ ಕಾದರೆ ಸಾಕಲ್ಲ ಎಂದು ಆನೆಯನ್ನು ಎ2ಕ್ಕೆ ಸರಿಸಿದಳು. ನಾನು ಕಪ್ಪಿನ ಪರವಾಗಿ ಎ7ರ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿದೆ. ಒಂಟೆ ಇದ್ದಲ್ಲೇ ಇತ್ತು. ಅವಳು ಮುಖ ಗಂಟಿಕ್ಕಿ ಬಹಳ ಹೊತ್ತು ಕೂತಳು. ಆಮೇಲೆ ಕಾಯಿಗಳನ್ನು ಮೊದಲಿನಂತೆ ಇಟ್ಟು, ಆನೆಯನ್ನು ಎತ್ತಿ ಎ6ರಲ್ಲಿಟ್ಟಳು, ಕಪ್ಪು ಕಾಲಾಳಿನ ಬಾಯಿಗೇ.

ಆ ಒಂದು ನಡೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ಎ7ರ ಕಾಲಾಳಿಗೆ ಮುಂದೆ ದಾರಿ ಇಲ್ಲ, ಆನೆ ಅಡ್ಡ ನಿಂತಿದೆ. ಪಕ್ಕದ ಬಿಳಿ ಕಾಲಾಳನ್ನು ಹೊಡೆಯುವಂತೆಯೂ ಇಲ್ಲ, ಅದು ಸರಿದರೆ ಹಿಂದಿರುವ ರಾಜ ಆನೆಯ ಎದುರು ಬಯಲಾಗುತ್ತಾನೆ. ಉಳಿದದ್ದು ಎರಡೇ. ಬಿ7ರ ಕಾಲಾಳು ಆನೆಯನ್ನು ಹೊಡೆಯಬಹುದು, ಆಗ ತೆರವಾದ ಬಿ7ಕ್ಕೆ ಬಿಳಿ ಕಾಲಾಳು ಒಂದು ಹೆಜ್ಜೆ ಇಟ್ಟರೆ ಮೇಟ್. ಇಲ್ಲವೆ ಒಂಟೆ ಕದಲಬೇಕು. ಎಲ್ಲಿಗೆ ಹೋದರೂ ಸರಿ, ಆನೆ ಎ7ರ ಕಾಲಾಳನ್ನು ಹೊಡೆದರೆ ಮೇಟ್. ಮೊದಲ ನಡೆಯಲ್ಲಿ ಚೆಕ್ ಇಲ್ಲ, ಹೆದರಿಕೆಯೂ ಇಲ್ಲ. ಕಪ್ಪು ಒಂದು ಸರದಿ ಬಿಟ್ಟುಕೊಡುವಂತಿದ್ದರೆ ಬಿಳಿಗೆ ಏನೂ ಮಾಡಲಾಗುತ್ತಿರಲಿಲ್ಲ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಎ7ರ ಕಪ್ಪು ಕಾಲಾಳು ಮೊದಲೇ ಎ6ರಲ್ಲಿ ಇದ್ದಿದ್ದರೆ ಎಂದು ಕೇಳಿದಳು. ಜೋಡಿಸಿ ನೋಡಿದೆವು. ಈಗ ಆನೆ ಎ6ರಲ್ಲಿ ಹೊಡೆದು, ಬಿ7ರ ಕಾಲಾಳು ಅದನ್ನು ತಿಂದು, ಬಿಳಿ ಕಾಲಾಳು ಬಿ7ಕ್ಕೆ ಬಂದರೂ ರಾಜ ಎ7ಕ್ಕೆ ಜಾರಿಕೊಳ್ಳುತ್ತಾನೆ. ಅಂದರೆ ಅವನನ್ನು ಮೂಲೆಯಲ್ಲಿ ಕೂಡಿಹಾಕಿದ್ದು ಬಿಳಿಯ ಸೈನ್ಯವಷ್ಟೇ ಅಲ್ಲ, ಕಾಪಾಡಲೆಂದು ಎದುರು ನಿಂತ ಅವನ ಸ್ವಂತ ಆಳು. ಒಳ್ಳೆಯ ಸಮಸ್ಯೆಯಲ್ಲಿ ಕಾವಲಿಗೆ ನಿಂತವರೇ ಬಾಗಿಲು ಮುಚ್ಚಿರುತ್ತಾರೆ. ಇದು ತಾನಾಗಿ ಹೊಳೆಯುವ ವಯಸ್ಸು ಅವಳದು, ನಾನು ಹೇಳಿಕೊಡಬೇಕಾಗಲಿಲ್ಲ.

ಅಲ್ಲಿಂದ ಬೆಟ್ಟಕ್ಕೆ ಹೋದೆವು. ದೇವರಾಯನದುರ್ಗದಲ್ಲಿ ಕೆಳಗೆ ಭೋಗ ನರಸಿಂಹ, ಮೇಲೆ ತುದಿಯಲ್ಲಿ ಯೋಗ ನರಸಿಂಹ. ಮೆಟ್ಟಿಲು ಹತ್ತುತ್ತಾ ಹಿರಣ್ಯಕಶಿಪುವಿನ ಕತೆ ಎಷ್ಟು ಸೊಗಸಾದ ಸಮಸ್ಯೆ ಎಂದು ಯೋಚಿಸುತ್ತಿದ್ದೆ. ಮನುಷ್ಯನಿಂದ ಸಾವು ಬೇಡ, ಮೃಗದಿಂದಲೂ ಬೇಡ, ಹಗಲೂ ಅಲ್ಲ, ರಾತ್ರಿಯೂ ಅಲ್ಲ, ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ, ನೆಲದ ಮೇಲೂ ಅಲ್ಲ, ಆಕಾಶದಲ್ಲೂ ಅಲ್ಲ, ಆಯುಧದಿಂದ ಅಲ್ಲ. ಇಷ್ಟು ಕಾವಲು ಹಾಕಿಕೊಂಡ ರಾಜನ ಸುತ್ತ ಎಲ್ಲ ಮನೆಗಳೂ ಭದ್ರ. ಉತ್ತರ ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು. ಬ್ರಹ್ಮ ಕೊಟ್ಟ ಮಾತು ಒಂದೂ ಮುರಿಯಲಿಲ್ಲ. ಅವನು ಕೇಳಿದ ಒಂದೊಂದು ವರವೂ ಉತ್ತರದ ಒಂದೊಂದು ತುಂಡನ್ನು ಹೇಳಿಕೊಟ್ಟಿತು. ಸಮಸ್ಯೆ ಕಟ್ಟುವವರು ಎರಡು ಉತ್ತರ ಇರುವ ಸಮಸ್ಯೆಯನ್ನು ದೋಷ ಎನ್ನುತ್ತಾರೆ, ಕೆಲಸವಿಲ್ಲದ ಕಾಯಿ ಮಣೆಯ ಮೇಲಿದ್ದರೂ ಒಪ್ಪುವುದಿಲ್ಲ. ಈ ಕತೆಯಲ್ಲಿ ದಂಡವಾದ ವರ ಒಂದಾದರೂ ಇದೆಯೇ? ಕಟ್ಟಿದವರು ಯಾರೋ, ಅವರಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ಈ ಬೆಟ್ಟಕ್ಕೂ ಚದುರಂಗಕ್ಕೂ ಇನ್ನೊಂದು ನಂಟಿದೆ. ಇಲ್ಲಿಯ ದೇವಾಲಯದ ಗೋಪುರ, ಪ್ರಾಕಾರಗಳನ್ನು 1858ರಲ್ಲಿ ದುರಸ್ತಿ ಮಾಡಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಆಮೇಲೆ 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಸಾಹಿತ್ಯ, ಚಿತ್ರ, ಆಟಗಳಲ್ಲಿ ಮುಳುಗಿದ್ದರು. ಅವರ ಹೆಸರಿನ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತನೆಯ ಭಾಗ ಕೌತುಕನಿಧಿ, ಅದರಲ್ಲಿ ಮಣೆಯಾಟಗಳಿವೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಹಾಸುಗಳ ಚಿತ್ರಗಳನ್ನು ಇಂದೂ ನೋಡಬಹುದು. ಕುದುರೆಯನ್ನು ಒಂದು ಮನೆಗೆ ಒಂದೇ ಸಲ ಇಳಿಸುತ್ತಾ ಇಡೀ ಮಣೆ ಸುತ್ತಿಸುವ ಒಗಟಿನಲ್ಲಂತೂ ಅವರ ಹೆಸರನ್ನು ಹೊರದೇಶದ ಚದುರಂಗ ಚರಿತ್ರೆಕಾರರೂ ಗೌರವದಿಂದ ಬರೆದಿದ್ದಾರೆ. ಆಡಳಿತ ಕಳೆದುಕೊಂಡ ರಾಜನನ್ನು ಹೊತ್ತು ಹೋಗದೆ ಆಟ ಆಡಿದವ ಎಂದು ತಳ್ಳಿಹಾಕುವುದು ಅನ್ಯಾಯ. 64 ಮನೆಗಳ ಮೇಲೆ ಅಷ್ಟು ಕಠಿಣವಾದ ಶಿಸ್ತಿನಿಂದ ದುಡಿದವರು ನಮ್ಮ ನಾಡಿನಲ್ಲಿ ಹೆಚ್ಚು ಜನ ಇಲ್ಲ.

ಮೇಟ್ ಸಮಸ್ಯೆಗಳನ್ನು ಒಟ್ಟು ಮಾಡುವ ಕೆಲಸವೂ ನಮಗೆ ಹೊಸದಲ್ಲ. ತಿರುವೆಂಗಡಾಚಾರ್ಯ ಶಾಸ್ತ್ರಿ ಎಂಬ ವಿದ್ವಾಂಸರು ತಮ್ಮ ಸಂಸ್ಕೃತ ಗ್ರಂಥದ ಚದುರಂಗ ಸಮಸ್ಯೆಗಳನ್ನು ಇಂಗ್ಲಿಷಿಗೆ ತಂದು, ಯುರೋಪಿನ ಆಟದ ರೀತಿಗೆ ಹೊಂದಿಸಿ, 1814ರಲ್ಲಿ ಮುಂಬಯಿಯಲ್ಲಿ ಅಚ್ಚು ಮಾಡಿಸಿದರು. ಮಾರ್ಫಿ ಹುಟ್ಟಲು ಇನ್ನೂ 23 ವರ್ಷ ಇತ್ತು. ಹಳೆಯ ದೇಶಿ ಆಟದಲ್ಲಿ ಹಲವು ಕಡೆ ಎದುರಾಳಿಯ ಎಲ್ಲ ಕಾಯಿಗಳನ್ನೂ ಹೊಡೆದು ರಾಜನನ್ನು ಒಂಟಿ ಮಾಡಿದರೆ ಗೆಲುವು ಸಿಗುತ್ತಿರಲಿಲ್ಲ, ಆಟ ಸಮ ಎಂದಾಗುತ್ತಿತ್ತು. ಕಾಲಾಳಿನ ಕೈಯಲ್ಲಿ ಆದ ಮೇಟ್‌ಗೆ ಹೆಚ್ಚಿನ ಮರ್ಯಾದೆ ಇತ್ತು. ನನಗೆ ಎರಡೂ ಸರಿ ಅನ್ನಿಸುತ್ತದೆ. ಮಾರ್ಫಿಯ ಎರಡು ಕೊನೆಗಳಲ್ಲಿ ಬಿಳಿ ಕಾಲಾಳು ಹೆಜ್ಜೆ ಇಡುವುದೇ ಚೆಂದ, ಆನೆ ಹೊಡೆಯುವುದಲ್ಲ.

ಈಗಿನ ಮಕ್ಕಳಿಗೆ ಸಮಸ್ಯೆಗಳಿಗೇನೂ ಬರವಿಲ್ಲ, ಮೊಬೈಲಿನಲ್ಲಿ ದಿನಕ್ಕೆ ನೂರು ಬೇಕಾದರೂ ಸಿಗುತ್ತವೆ. ಆದರೆ ಅಲ್ಲಿ ಬೆರಳು ಒಂದು ನಡೆ ಒತ್ತುತ್ತದೆ, ತಪ್ಪಿದ್ದರೆ ಕೆಂಪು, ಸರಿಯಿದ್ದರೆ ಹಸಿರು. ಕಪ್ಪಿನ ಉತ್ತರವನ್ನು ಯಂತ್ರವೇ ಆಡಿಬಿಡುತ್ತದೆ, ಅದೂ ಒಂದೇ ಉತ್ತರ. ಉಳಿದ ಉತ್ತರಗಳು ಏನಾಗಿದ್ದವು, ಅವಕ್ಕೆ ಬಿಳಿ ಏನು ಹೇಳಬೇಕಿತ್ತು ಎಂಬುದನ್ನು ಮಗು ನೋಡುವುದೇ ಇಲ್ಲ. ಮೂರು ಸಲ ಊಹಿಸಿ ಹಸಿರು ಬರಿಸಿಕೊಂಡ ಮಗುವಿಗೆ ಸಮಸ್ಯೆ ಬಿಡಿಸಿದೆ ಎಂಬ ಭ್ರಮೆ ಉಳಿಯುತ್ತದೆ. ಇದರ ಬಗ್ಗೆ ನನಗೆ ನಿಜವಾದ ಕಳವಳ ಇದೆ. ಮಣೆಯ ಮೇಲೆ ಕಾಯಿ ಇಟ್ಟು, ಕೈ ಕಟ್ಟಿ ಕೂತು, ಕಪ್ಪಿನ ಕಡೆಯಿಂದ ಏನೇನು ಸಾಧ್ಯ ಎಂದು ಒಂದೊಂದಾಗಿ ಎಣಿಸುವ ಅಭ್ಯಾಸಕ್ಕೆ ಬದಲಿ ಇಲ್ಲ.

1977ರಿಂದ ಸಮಸ್ಯೆ ಬಿಡಿಸುವುದಕ್ಕೇ ಒಂದು ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಅದರ ಮೊದಲ ಸುತ್ತು ಎರಡು ನಡೆಯ ಮೂರು ಸಮಸ್ಯೆಗಳದು, 20 ನಿಮಿಷ. ಮೈಸೂರಿನ ತೇಜ್ ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರಾಂಡ್‌ಮಾಸ್ಟರ್ ಆದ ಮೇಲೆ ನಮ್ಮ ಜಿಲ್ಲೆಗಳಲ್ಲೂ ಚೆಸ್ ಕಲಿಯುವ ಮಕ್ಕಳನ್ನು ಹೆಚ್ಚಾಗಿ ಕಾಣುತ್ತಿದ್ದೇನೆ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಶಾಲೆಗಳಲ್ಲಿ ಪಂದ್ಯ ಇಟ್ಟುಕೊಂಡ ದಿನ ಬೆಳಿಗ್ಗೆ, ಜೋಡಿಗಳ ಪಟ್ಟಿ ಅಂಟಿಸುವ ಮುಂಚೆ, ಇಂಥದ್ದೊಂದು ಸುತ್ತು ಇಡಬೇಕೆಂದು ನನ್ನ ಕೋರಿಕೆ. ಖರ್ಚು ಹೆಚ್ಚಿಲ್ಲ. ಗೋಡೆಗೆ ಮೂರು ಚಿತ್ರ, ಪ್ರತಿ ಮಗುವಿಗೆ ಒಂದು ಮಣೆ, ಒಂದು ಚೀಟಿ, ಒಂದು ಪೆನ್ಸಿಲು. ವಿಶ್ವ ಸ್ಪರ್ಧೆಯ ಆ ಸುತ್ತಿನಲ್ಲಿ ಬಿಳಿಯ ಮೊದಲ ನಡೆ ಬರೆದರೆ ಸಾಕು. ನಮ್ಮ ಮಕ್ಕಳ ಚೀಟಿಯಲ್ಲಿ ಅದಕ್ಕೆ ಅರ್ಧ ಅಂಕ ಮಾತ್ರ ಇರಲಿ. ಉಳಿದರ್ಧ, ಕಪ್ಪಿನ ಉತ್ತರಗಳನ್ನೆಲ್ಲ ಒಂದೂ ಬಿಡದೆ ಬರೆದವರಿಗೆ.