ಅಪ್ಪನ ಗಡಿಯಾರದ ಬೆನ್ನು

ಬೆಳಿಗ್ಗೆ ಎದ್ದ ಕೂಡಲೇ ಅಪ್ಪನ ಗಡಿಯಾರಕ್ಕೆ ಕೀ ಕೊಡುತ್ತೇನೆ. ಎಚ್‌ಎಂಟಿ ಜನತಾ. ಒಂದು ಸಲ ಕಿವಿಗೆ ಹಿಡಿದು, ಕೈಗೆ ಕಟ್ಟಿಕೊಂಡು, ಮರಳೂರು ಕೆರೆಯ ಕಡೆ ಹೊರಡುತ್ತೇನೆ. ಅಪ್ಪ ಅದನ್ನು ದುಡ್ಡು ಕೊಟ್ಟು ಕೊಂಡದ್ದಲ್ಲ. 25 ವರ್ಷ ದುಡಿದದ್ದಕ್ಕೆ ಅವರ ಕಾರ್ಖಾನೆ ಕೊಟ್ಟದ್ದು. ಬೆನ್ನ ಮೇಲೆ ಹೆಸರು ಕೆತ್ತಿಸಿದ್ದಾರೆ. ಹೆಸರು ಸರಿಯಿದೆ, ಇನಿಷಿಯಲ್ ತಪ್ಪಿದೆ. ‘ಟಿ’ ಇರಬೇಕಾದ ಕಡೆ ‘ಪಿ’ ಇದೆ.

ನಾನು ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ, ಸರಿ ಮಾಡಿಸಬಾರದಿತ್ತಾ ಅಂತ. ‘ಕೆತ್ತಿದೋರು ಹೊರಗಿನೋರು ಕಣೋ, ಪಟ್ಟಿ ನೋಡಿ ಕೆತ್ತಿದಾರೆ. ಪಟ್ಟಿ ಬರೆದೋನು ಮಾತ್ರ ನನ್ನ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದ’ ಎಂದರು ಅಪ್ಪ. ಆಮೇಲೆ ಆ ಮಾತು ಎತ್ತಲೇ ಇಲ್ಲ. ಬಿಚ್ಚಿಟ್ಟಾಗಲೆಲ್ಲ ಗಡಿಯಾರದ ಮುಖ ಮೇಲಿರುವ ಹಾಗೆ ಇಡುತ್ತಿದ್ದರು.

ಎಚ್‌ಎಂಟಿಯವರು ಕೈಗಡಿಯಾರ ಮಾಡಲು ಕಲಿತದ್ದೂ ಹೊರಗಿನವರಿಂದಲೇ. 1961ರಲ್ಲಿ ಬೆಂಗಳೂರಿನ ಕಾರ್ಖಾನೆ ಶುರುವಾದಾಗ ಜಪಾನಿನ ಸಿಟಿಜನ್ ಕಂಪನಿ ಜೊತೆಗಿತ್ತು. ಕಲಿತ ವಿದ್ಯೆ ಇಲ್ಲಿನ ಕೈಗಳಿಗೆ ಇಳಿಯಿತು. ನಮ್ಮ ತುಮಕೂರಿಗೂ ಒಂದು ಗಡಿಯಾರದ ಕಾರ್ಖಾನೆ ಬಂತು, 2016ರಲ್ಲಿ ಮುಚ್ಚಿತು. ಆ ಜಾಗ ಈಗ ಇಸ್ರೋದ್ದು. ನಾಡಿನ ಎಷ್ಟೋ ಕಚೇರಿಗಳಲ್ಲಿ ನಿವೃತ್ತಿಯ ದಿನ ಹಾರ, ಶಾಲು, ಫಲತಾಂಬೂಲದ ಜೊತೆಗೆ ಕೈಗೆ ಬರುತ್ತಿದ್ದದ್ದು ಎಚ್‌ಎಂಟಿಯೇ.

ನನ್ನ ಉದ್ಯೋಗವೂ ಕೊನೆಗೆ ಪಟ್ಟಿ ಬರೆಯುವುದೇ ಆಯಿತು. ತುಮಕೂರಿನ ಸುತ್ತಲಿನ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗ. ಬೋನಸ್ಸಿನ ಲೆಕ್ಕ ಕಷ್ಟವಲ್ಲ. 1965ರ ಕಾಯ್ದೆ ಕನಿಷ್ಠ ಶೇ. 8.33, ಗರಿಷ್ಠ ಶೇ. 20 ಎಂದು ಗೆರೆ ಎಳೆದಿತ್ತು. ಕನಿಷ್ಠವೆಂದರೆ ಹನ್ನೆರಡು ತಿಂಗಳಿಗೆ ಹದಿಮೂರನೆಯ ಸಂಬಳದ ಹಾಗೆ, ಅಷ್ಟೇ. ಅದು ಹಕ್ಕು, ಯಾರೂ ಮೆಚ್ಚಿ ಕೊಡುವುದಲ್ಲ. ಮೆಚ್ಚಿದ್ದನ್ನು ತೋರಿಸುವುದು ಹೇಗೆ ಅನ್ನುವಲ್ಲೇ ನಾವು ತಡವರಿಸಿದೆವು. ಆಡಳಿತದವರು ಹೊರಗಿನ ಏಜೆನ್ಸಿಯೊಂದಕ್ಕೆ ಗುತ್ತಿಗೆ ಕೊಟ್ಟರು. ಮೊಬೈಲಿನಲ್ಲಿ ಪಾಯಿಂಟು, ಪಾಯಿಂಟಿಗೆ ಕ್ಯಾಟಲಾಗು, ಕ್ಯಾಟಲಾಗಿನಲ್ಲಿ ಬ್ಯಾಗು, ಇಯರ್‌ಫೋನು, ಕಾಫಿ ಮಗ್ಗು. ಎಲ್ಲ ಇಂಗ್ಲಿಷಿನಲ್ಲಿ. ಒಂದು ವರ್ಷ ಕಳೆದು ನೋಡಿದರೆ ಪ್ಯಾಕಿಂಗ್ ವಿಭಾಗದ ಹೆಂಗಸರ ಪಾಯಿಂಟುಗಳು ಹಾಗೇ ಕೊಳೆಯುತ್ತಿದ್ದವು. ತಪ್ಪು ಏಜೆನ್ಸಿಯದಷ್ಟೇ ಅಲ್ಲ. ಅವರಿಗೆ ಕಳಿಸಿದ ಪಟ್ಟಿ ನನ್ನದು. ಅದರಲ್ಲಿ ಹೆಸರು, ನಂಬರು, ವಿಭಾಗ ಇದ್ದವು, ಮನುಷ್ಯರು ಇರಲಿಲ್ಲ.

ಕೆರೆ ಏರಿಯ ಮೇಲೆ ನಡೆಯುವಾಗ ಹಳಬರು ನೆನಪಾಗುತ್ತಾರೆ. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿ ನಿಲ್ಲಿಸಿದವನಿಗೆ ಕೆರೆಯ ಕೆಳಗಿನ ಗದ್ದೆ ಬಿಟ್ಟುಕೊಡುತ್ತಿದ್ದರು. ಕಟ್ಟುಗೊಡಗೆ, ಬಿತ್ತುವಟ್ಟ ಎಂದೆಲ್ಲ ಶಾಸನಗಳಲ್ಲಿ ಬರುತ್ತದೆ. ಅವನು ಉಳಿಸಿದ ನೀರೇ ಅವನ ಗದ್ದೆಗೆ ಹರಿಯಬೇಕು. ಏರಿ ಸೋರಿದರೆ ಮೊದಲು ಒಣಗುವುದೂ ಅವನ ಪೈರೇ. ಕೆಲಸಕ್ಕೂ ಕೊಡುಗೆಗೂ ನಡುವೆ ತೂಬಿನಷ್ಟೇ ದೂರ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆತಕೂರಿನ ಕಲ್ಲು. ಮದ್ದೂರು ತಾಲ್ಲೂಕಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರಲ್ಲಿ ತಕ್ಕೋಲದ ಕಾಳಗ. ಗಂಗರ ಅರಸ ಬೂತುಗನ ಕಡೆಯ ಮಣಲೇರ ಎಂಬ ವೀರ ಚೆನ್ನಾಗಿ ಹೋರಾಡಿದ. ಬೂತುಗ ಮೆಚ್ಚಿ, ಬೇಕಾದ್ದು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ರಾಜನ ಬೇಟೆನಾಯಿಯನ್ನು. ಕಾಳಿ ಅದರ ಹೆಸರು. ರಾಜ ಕೊಟ್ಟ. ಆಮೇಲೊಂದು ದಿನ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಡಿಸಿದ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಇಂದಿಗೂ ಎದುರುಬದುರು ನಿಂತಿವೆ. ಆ ಕಲ್ಲಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಬೂತುಗ ಕೇಳದೇ ಹೋಗಿದ್ದರೆ, ಯುದ್ಧ ಗೆದ್ದವನ ಮನಸ್ಸಿನಲ್ಲಿ ಒಂದು ನಾಯಿ ಇದೆಯೆಂದು ಯಾವ ಅಧಿಕಾರಿಗೆ ಹೊಳೆಯುತ್ತಿತ್ತು?

ನಮ್ಮ ಗುಬ್ಬಿಯ ಕಡೆಯವರಿಗೆ ಈ ಮೆಚ್ಚುಗೆಯ ಗುಟ್ಟು ಬೇರೆ ರೀತಿಯಲ್ಲಿ ಗೊತ್ತಿತ್ತು. ಕಂಪನಿ ನಾಟಕಗಳ ಕಾಲದಲ್ಲಿ ನಟನಿಗೆ ಸಂಬಳ ಕೊಡುವವರು ಮಾಲೀಕರು. ಬೆಳ್ಳಿ ಪದಕ ತಂದು ರಂಗದ ಮೇಲೇ ಎದೆಗೆ ಚುಚ್ಚುವವರು ಮುಂದೆ ಕೂತು ನೋಡಿದ ಊರಿನವರು. ಅವರೂ ಹೊರಗಿನವರೇ. ಆದರೆ ಆ ರಾತ್ರಿಯ ಆಟವನ್ನು ಕಣ್ಣಾರೆ ಕಂಡವರು.

ಆ ಏಜೆನ್ಸಿಯಾದ ಮೇಲೆ, ಎರಡನೆಯ ಸಲ, ನಮ್ಮ ಕಾರ್ಖಾನೆಗೆ ಹೊರಗಿನಿಂದ ಒಬ್ಬರು ಸಲಹೆಗಾರ್ತಿ ಬಂದರು. ಲ್ಯಾಪ್‌ಟಾಪು ತೆಗೆಯಲಿಲ್ಲ. ಎರಡು ದಿನ ಶಿಫ್ಟ್ ಬದಲಾಗುವ ಹೊತ್ತಿಗೆ ಗೇಟಿನ ಹತ್ತಿರ ನಿಂತರು, ಕ್ಯಾಂಟೀನಿನಲ್ಲಿ ಮುದ್ದೆ ಊಟ ಮಾಡಿದರು. ಮೂರನೆಯ ದಿನ ನನ್ನ ಹಳೆಯ ಕಡತಗಳನ್ನು ಕೇಳಿ, ಸಂಜೆಯೊಳಗೆ ಒಂದು ವಿಷಯ ಹೊರಗೆ ತೆಗೆದರು. ಉತ್ತಮ ಕೆಲಸಗಾರ ಬಹುಮಾನ ವರ್ಷಗಟ್ಟಲೆ ಮ್ಯಾನೇಜರ ಕೋಣೆಗೆ ಹತ್ತಿರದ ಎರಡು ವಿಭಾಗ ಬಿಟ್ಟು ಆಚೆ ಹೋಗಿರಲಿಲ್ಲ. ರಾತ್ರಿ ಪಾಳಿಯವರ ಒಂದು ಹೆಸರೂ ಇರಲಿಲ್ಲ. ಅಷ್ಟು ವರ್ಷ ಆ ಕಡತ ನನ್ನ ಕೈಯಲ್ಲೇ ಇತ್ತು. ಪರಿಣತರನ್ನು ಹೊರಗಿನಿಂದ ಕರೆಸುವುದು ದಂಡ ಎಂದು ಯಾರಾದರೂ ಹೇಳಿದರೆ ನಾನೀಗ ಒಪ್ಪುವುದಿಲ್ಲ. ಒಳಗಿದ್ದವರ ಕಣ್ಣಿಗೆ ದಾಕ್ಷಿಣ್ಯದ ಪೊರೆ ಕಟ್ಟಿರುತ್ತದೆ. ಅದನ್ನು ತೆಗೆಯಲು ಹೊರಗಿನವರೇ ಬೇಕು.

ಆದರೆ ಬಹುಮಾನ ಏನು ಕೊಡಬೇಕೆಂದು ಆಕೆ ಹೇಳಲಿಲ್ಲ. ‘ಅದು ನಂಗೆ ಗೊತ್ತಾಗಲ್ಲ ಸಾರ್, ನೀವೇ ಹೋಗಿ ಕೇಳ್ಬೇಕು’ ಎಂದರು. ಕೇಳಿದೆ. ಒಬ್ಬಾಕೆ, ಮಗುವಿನ ಸ್ಕೂಲ್ ಡೇ ದಿನ ಮಧ್ಯಾಹ್ನ ಬಿಟ್ಟರೆ ಸಾಕು ಎಂದಳು. ಒಬ್ಬ ತನ್ನ ಹೆಸರು ಹಾಕಿ ಕನ್ನಡದಲ್ಲಿ ಒಂದು ಪತ್ರ ಕೇಳಿದ, ಊರಲ್ಲಿ ಅಮ್ಮನಿಗೆ ಓದಿ ಹೇಳಬೇಕಂತೆ. ಅವನ ಹೆಸರಿನ ಅಕ್ಷರಗಳನ್ನು ನಾನು ಮೂರು ಸಲ ಅವನಿಗೇ ತೋರಿಸಿ ಸರಿ ಮಾಡಿಕೊಂಡೆ. ಲೇತ್ ಮೆಷಿನ್ನಿನ ಒಬ್ಬರು, ಕುಣಿಗಲ್ ಕಡೆಯವರು, ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: ‘ನಮ್ಮನೆಯೋರ್ನ ಒಂದಿನ ಒಳಗೆ ಕರ್ಕೊಂಡ್ ಬರ್ಬೋದಾ? ನಾನ್ ಏನ್ ಕೆಲ್ಸ ಮಾಡ್ತೀನಿ ಅಂತ ಅವ್ರು ನೋಡೇ ಇಲ್ಲ.’

ಒಂದು ಭಾನುವಾರ ಬಂದರು. ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದರು, ಮಗಳಿಗೆ ಎಂಟೋ ಒಂಬತ್ತೋ ವರ್ಷ. ಕುಣಿಗಲ್ ಕಡೆಯವರು ಮೆಷಿನ್ ಚಾಲೂ ಮಾಡಿ, ಹಿತ್ತಾಳೆಯ ತುಂಡೊಂದನ್ನು ಕಡೆದು, ಬಿಸಿ ಆರುವ ತನಕ ಎಣ್ಣೆಬಟ್ಟೆಯಲ್ಲಿ ಹಿಡಿದಿದ್ದು ಮಗಳ ಅಂಗೈಗೆ ಹಾಕಿದರು. ಅದು ಬುಗುರಿಯಾಗಿತ್ತು. ಹುಡುಗಿ ಅದನ್ನು ಸುತ್ತಲೂ ತಿರುಗಿಸಿ ನೋಡಿ, ಎಲ್ಲಾದರೂ ಅಪ್ಪನ ಹೆಸರು ಬರೆದಿದೆಯಾ ಎಂದು ಕೇಳಿದಳು. ಅವರು ಮೊಳೆಯೊಂದನ್ನು ತೆಗೆದುಕೊಂಡು, ಬೆಳಕಿನ ಕಡೆ ತಿರುಗಿ, ಬುಗುರಿಯ ಮೇಲೆ ಇನಿಷಿಯಲ್ ಸಮೇತ ತಮ್ಮ ಹೆಸರನ್ನು ತಾವೇ ನಿಧಾನವಾಗಿ ಕೆತ್ತಿದರು.