ತೊಗರಿ ಹೊಲದ ಗರಿ ಪತಂಗ

ಕಲಬುರಗಿಯ ಕೋಟೆಯನ್ನೂ ಗುಮ್ಮಟಗಳನ್ನೂ ನೋಡಿ ಹಿಂದಿರುಗುವ ಪ್ರವಾಸಿಗರು ಊರಾಚೆಯ ಎರೆಭೂಮಿಯನ್ನು ಕಾಣದೆ ಬಂದರೆ ಅರ್ಧ ಕಲಬುರಗಿಯನ್ನಷ್ಟೇ ಕಂಡಂತೆ. 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ತೊಗರಿಬೇಳೆಯ ತವರು ಅದು. ಮಳೆಗಾಲ ಕಳೆದು ಚಳಿ ಕಾಲಿರಿಸುವ ದಿನಗಳಲ್ಲಿ ಕಣ್ಣು ಹಾಯುವವರೆಗೂ ಹಳದಿ ಹೂವು, ಹಸಿರು ಕಾಯಿ.

ಅಂತಹುದೊಂದು ಸಂಜೆ ಪರಿಚಿತ ರೈತರೊಬ್ಬರೊಡನೆ ಬದುವಿನ ಮೇಲೆ ನಡೆಯುತ್ತಿದ್ದೆ. ಗಿಡವೊಂದನ್ನು ಸರಿಸಿದೊಡನೆ ಏನೋ ಹಾರಿ ಎದುರಿನ ಎಲೆಯ ಮೇಲೆ ಕುಳಿತಿತು. ಒಣಗಿದ ಕಡ್ಡಿಯ ಚೂರೆಂದು ಭಾವಿಸಿದೆ. ಬಾಗಿ ನೋಡಿದರೆ, ರೆಕ್ಕೆಗಳನ್ನು ಮಡಿಸಿ ಎರಡು ಬದಿಗೂ ನೀಳವಾಗಿ ಚಾಚಿ ಕುಳಿತ ಬೂದುಗಂದಿನ ಪುಟ್ಟ ಪತಂಗ! ಮುಂದಿನ ರೆಕ್ಕೆಗೆ ಎರಡು ಸೀಳು, ಹಿಂದಿನದಕ್ಕೆ ಮೂರು. ಸೀಳುಗಳ ಅಂಚಿಗೆ ಗರಿಯಂತಹ ಕುಚ್ಚು. ಟೆರೋಫೋರಿಡೇ ಎಂಬ ಇದರ ಕುಟುಂಬನಾಮವೂ ಗರಿ ಹೊತ್ತದ್ದೆಂಬ ಅರ್ಥದ ಗ್ರೀಕ್ ಮಾತಿನಿಂದಲೇ ಬಂದದ್ದು.

ಈ ಪತಂಗದ ಶಾಸ್ತ್ರೀಯ ನಾಮ ಎಕ್ಸೆಲಾಸ್ಟಿಸ್ ಅಟೊಮೋಸಾ. ಇಂಗ್ಲೆಂಡಿನ ವಾಲ್ಸಿಂಗ್‌ಹ್ಯಾಮ್ ಪ್ರಭು 1885ರಲ್ಲಿ ಇದನ್ನು ವರ್ಣಿಸಿದಾಗ ಎಕ್ಸೆಲಾಸ್ಟಿಸ್ ಎಂಬ ಕುಲವೇ ಇರಲಿಲ್ಲ. ಇದು ಬೇರೊಂದು ಕುಲದ ಆಶ್ರಯದಲ್ಲಿತ್ತು. 1908ರಲ್ಲಿ ಈ ಕುಲವನ್ನು ಸ್ಥಾಪಿಸಿದವರು ಎಡ್ವರ್ಡ್ ಮೇರಿಕ್; ವೃತ್ತಿಯಿಂದ ಶಾಲಾ ಉಪಾಧ್ಯಾಯರು! ರೆಕ್ಕೆಯ ನರಗಳ ಕವಲುಗಳೇ ಅವರ ಮುಖ್ಯ ಅಳತೆಗೋಲು.

ಇದೆಲ್ಲವನ್ನೂ ನಾನು ಉತ್ಸಾಹದಿಂದ ಹೇಳುತ್ತಿರಲು ರೈತರು ತಡೆದರು. "ಹೆಸರು ಏನರ ಇರ್ಲಿರಿ ಸಾಹೇಬ್ರ, ಕಾಯಿಗಿ ತೂತು ಬಿದ್ದದ. ಬ್ಯಾಸಗ್ಯಾಗ ಆಳ ನೇಗಿಲು ಹೊಡ್ಸಿ ಹುಳದ ಗೂಡೆಲ್ಲ ಬಿಸಿಲಿಗಿ ಹಾಕಿದ್ದೆ. ಆದ್ರೂ ಬಂತಲ್ರಿ?"

ಅವರ ಕೊರಗಿಗೆ ಉತ್ತರ ಆ ಹೆಸರಿನಲ್ಲಿಯೇ ಇತ್ತು. ನೇಗಿಲಿಗೆ ಸಿಕ್ಕಿದ್ದು ದೊಡ್ಡ ಕಾಯಿಕೊರಕ ಹುಳುವಿನ ಕೋಶ. ಅದು ಬೇರೆ ಕುಟುಂಬದ್ದು, ಕೋಶಾವಸ್ಥೆಗೆ ಮಣ್ಣಿಗಿಳಿಯುತ್ತದೆ. ಗರಿ ಪತಂಗದ ಮರಿಯಾದರೋ ಮೈತುಂಬ ರೋಮವುಳ್ಳ ಸಣ್ಣ ಹುಳು. ಕಾಯಿಯ ಸಿಪ್ಪೆಯನ್ನು ಕೆರೆದು, ಕಿರಿದಾದ ತೂತು ಕೊರೆದು, ಕಾಳು ತಿಂದು, ಕೊನೆಗೆ ಕಾಯಿಯ ಮೇಲೆಯೇ ಕೋಶವಾಗುತ್ತದೆ. ನೇಗಿಲು ಅದನ್ನು ಮುಟ್ಟುವುದೆಂತು?

ಹತ್ತಿರದ ಕಾಯಿಯೊಂದಕ್ಕೆ ಅಂಟಿದ್ದ ಕೋಶವನ್ನು ತೋರಿಸಿದೆ. ಅದಕ್ಕೂ ರೋಮವಿರುವುದರಿಂದ ಅವರು ಅದನ್ನು ಹುಳುವೆಂದೇ ತಿಳಿದಿದ್ದರು. ಬಹಳ ಹೊತ್ತು ದಿಟ್ಟಿಸಿ, "ಅಂದ್ರ ಇದರ ಮನಿತನನೇ ಬ್ಯಾರೆ ಅಂದಂಗಾಯ್ತು" ಎಂದರು.

ವರ್ಗೀಕರಣವೆಂಬ ಶಾಸ್ತ್ರದ ತಿರುಳನ್ನು ಇಷ್ಟು ಸರಳವಾಗಿ ಹೇಳಿದವರನ್ನು ನಾನು ಕಂಡಿರಲಿಲ್ಲ. ಕತ್ತಲಾಗುವವರೆಗೂ ನಾವಿಬ್ಬರೂ ಸಾಲು ಹಿಡಿದು ಒಂದೊಂದೇ ಕಾಯಿಯನ್ನು ತಿರುವಿ ನೋಡುತ್ತ ನಡೆದೆವು.