ಕೆಂಪು ನೆಲದ ಅತಿಥಿಗಳು

ಮನೆಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ಜೀವಿಗಳು ಆಮೆ ಮತ್ತು ಬಸವನಹುಳು ಮಾತ್ರವೇ ಅಲ್ಲ. ಮನುಷ್ಯನೂ ಆ ವಿದ್ಯೆಯನ್ನು ಕಲಿತಿದ್ದಾನೆ. ಮೋಟಾರು ವಾಹನದ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಗಾಲಿಮನೆಗೆ ಕ್ಯಾರವಾನ್ ಎಂದು ಹೆಸರು. ಎರಡು ಹಾಸಿಗೆ, ಒಂದು ಒಲೆ, ಮಡಚುವ ಮೇಜು, ನೀರಿನ ತೊಟ್ಟಿ - ಇಷ್ಟಿದ್ದರೆ ಸಂಸಾರವೇ ಹಾದಿಗಿಳಿಯಬಹುದು. ಉದ್ಯೋಗದಿಂದ ನಿವೃತ್ತರಾದವರು ಹೀಗೆ ತಿಂಗಳುಗಟ್ಟಲೆ ನಾಡು ಸುತ್ತುವುದು ಆಸ್ಟ್ರೇಲಿಯಾದಲ್ಲಿ ಸಾಮಾನ್ಯ. ಅಂಥವರನ್ನು ಅಲ್ಲಿನ ಜನ ‘ನರೆತ ಅಲೆಮಾರಿಗಳು’ ಎಂದು ಸಲಿಗೆಯಿಂದ ಕರೆಯುವುದುಂಟು.

ಅಡಿಲೇಡ್ ನಗರದ ಅಂಥ ದಂಪತಿಗಳಿಬ್ಬರು ಒಂದು ನವೆಂಬರ್ ತಿಂಗಳಲ್ಲಿ ಖಂಡದ ನಡುನಾಡನ್ನು ನೋಡಲು ಹೊರಟರು. ಭೂಗೋಳದ ದಕ್ಷಿಣಾರ್ಧದಲ್ಲಿ ಅದು ಬೇಸಗೆಯ ಹೊಸ್ತಿಲು. ಅನುಭವಿಗಳು ಮೇ ತಿಂಗಳಿಂದ ಸೆಪ್ಟೆಂಬರಿನವರೆಗಿನ ತಂಪು ಕಾಲವನ್ನು ಆರಿಸಿಕೊಳ್ಳುತ್ತಾರೆ. ಆದರೆ ಗಂಡನಿಗೆ ಕಾಯುವ ತಾಳ್ಮೆಯಿರಲಿಲ್ಲ. ನಲವತ್ತು ವರ್ಷ ಕಚೇರಿಯ ಗಡಿಯಾರಕ್ಕೆ ತಲೆಬಾಗಿದ್ದವರು ಅವರು. ಇನ್ನು ಯಾವ ಗಡಿಯಾರಕ್ಕೂ ಬಗ್ಗುವುದಿಲ್ಲವೆಂಬುದು ಅವರ ಹಟ. ಹೆಂಡತಿ ಮರುಮಾತಾಡದೆ ನೀರಿನ ಡಬ್ಬಗಳನ್ನು ತುಂಬತೊಡಗಿದರು. ತೊಟ್ಟಿಯಲ್ಲಿ ನೀರಿರುವಾಗ ಬೇರೆಯಾಗಿ ನಲವತ್ತು ಲೀಟರ್ ಏಕೆಂದು ಗಂಡ ನಕ್ಕರು. “ನಕ್ಕರೆ ಬಾಯಾರಿಕೆ ತಣಿಯುವುದಿಲ್ಲ” ಎಂದಷ್ಟೇ ಆಕೆ ಹೇಳಿದರು.

ಪೋರ್ಟ್ ಆಗಸ್ಟಾ ಪಟ್ಟಣದಿಂದ ಉತ್ತರಕ್ಕೆ ಡಾರ್ವಿನ್ ನಗರದವರೆಗೆ ಸುಮಾರು 2,700 ಕಿಲೋಮೀಟರ್ ಉದ್ದಕ್ಕೆ ಸ್ಟುವರ್ಟ್ ಹೆದ್ದಾರಿ ಸಾಗುತ್ತದೆ. 1862ರಲ್ಲಿ ಈ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿದ ಜಾನ್ ಮೆಕ್‌ಡೂವಲ್ ಸ್ಟುವರ್ಟ್ ಎಂಬ ಸಾಹಸಿಯ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಇಕ್ಕೆಲಗಳಲ್ಲೂ ಕೆಂಪು ನೆಲ. ಅಲ್ಲಲ್ಲಿ ಕುರುಚಲು ಪೊದೆ. ಕಣ್ಣು ಹಾಯುವಷ್ಟು ದೂರ ಆಕಾಶ. ಮೂರು ನಾಲ್ಕು ಬಂಡಿಗಳನ್ನು ಪೋಣಿಸಿಕೊಂಡ, ಐವತ್ತು ಮೀಟರ್ ಮೀರಿದ ‘ರಸ್ತೆ ರೈಲು’ಗಳು ಎದುರಾದಾಗ ಗಾಲಿಮನೆ ಒಮ್ಮೆ ನಡುಗಿ ಸುಮ್ಮನಾಗುತ್ತಿತ್ತು. ಮುಂಜಾನೆ ಮತ್ತು ಸಂಜೆಗತ್ತಲಲ್ಲಿ ಕಾಂಗರೂಗಳು ರಸ್ತೆಗೆ ಹಾರುವುದರಿಂದ ಆ ಹೊತ್ತಿನಲ್ಲಿ ವಾಹನ ನಡೆಸುವುದು ಅಪಾಯಕರ.

ಸುಮಾರು 540 ಕಿಲೋಮೀಟರ್ ಕ್ರಮಿಸಿದ ಮೇಲೆ ಕೂಬರ್ ಪೀಡಿ ಎಂಬ ಊರು ಸಿಕ್ಕಿತು. 1915ರಲ್ಲಿ ಓಪಲ್ ರತ್ನಗಳು ದೊರೆತದ್ದರಿಂದ ಹುಟ್ಟಿದ ಊರು ಅದು. ಅಲ್ಲಿ ಹಲವರು ನೆಲದಡಿಯ ಬಂಡೆಯನ್ನು ಕೊರೆದು ಮನೆ ಮಾಡಿಕೊಂಡಿದ್ದಾರೆ. ಹೊರಗೆ ಬಿಸಿಲು ಕಾಯಿಸುತ್ತಿದ್ದರೂ ಒಳಗೆ ಹಿತವಾದ ತಂಪು. “ಬಿಸಿಲನ್ನು ಗೆದ್ದವರೆಂದರೆ ಇವರು!” ಎಂದು ಗಂಡ ಉದ್ಗರಿಸಿದರು. “ಗೆಲ್ಲಲಿಲ್ಲ, ಅದಕ್ಕೆ ದಾರಿ ಬಿಟ್ಟಿದ್ದಾರೆ” ಎಂದರು ಹೆಂಡತಿ.

ಮುಂದೆ ಹೆದ್ದಾರಿಯನ್ನು ಬಿಟ್ಟು ಪಶ್ಚಿಮಕ್ಕೆ ತಿರುಗಿದ ದಾರಿ ಉಲುರು - ಕಟಾ ಜೂಟಾ ರಾಷ್ಟ್ರೀಯ ಉದ್ಯಾನದ ಕಡೆಗೆ ಸಾಗಿತು. ಕಟಾ ಜೂಟಾ ಎಂದರೆ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ನುಡಿಯಲ್ಲಿ ‘ಹಲವು ತಲೆಗಳು’. ಬಟ್ಟಬಯಲಿನಲ್ಲಿ ದುಂಡು ದುಂಡಾದ 36 ಕೆಂಬಂಡೆಗಳು ಸಭೆ ಸೇರಿದಂತೆ ನಿಂತಿವೆ. ಅವುಗಳ ನಡುವೆ ‘ಗಾಳಿಗಳ ಕಣಿವೆ’ ಎಂಬ ಕಾಲುದಾರಿಯುಂಟು. ಪೂರ್ತಿ ಸುತ್ತಿದರೆ ಏಳು ಕಿಲೋಮೀಟರಿಗೂ ಹೆಚ್ಚು. ಉಷ್ಣತೆ 36 ಡಿಗ್ರಿ ಮುಟ್ಟುವುದೆಂಬ ಮುನ್ಸೂಚನೆಯಿದ್ದ ದಿನ, ಬೆಳಗಿನ 11 ಗಂಟೆಗೆ ಈ ದಾರಿಯನ್ನು ಮೊದಲ ವೀಕ್ಷಣಸ್ಥಳದಿಂದ ಮುಂದಕ್ಕೆ ಮುಚ್ಚಿಬಿಡುತ್ತಾರೆ.

ದಂಪತಿಗಳು ನಿಧಾನವಾಗಿ ಉಪಾಹಾರ ಮುಗಿಸಿ, ಚಿತ್ರಗಳನ್ನು ತೆಗೆಯುತ್ತ ಅಲ್ಲಿಗೆ ತಲುಪಿದಾಗ ಹನ್ನೊಂದು ದಾಟಿ ಹತ್ತು ನಿಮಿಷವಾಗಿತ್ತು. ಬಾಗಿಲು ಮುಚ್ಚಿತ್ತು. ಗಂಡನಿಗೆ ಸಿಟ್ಟು ನೆತ್ತಿಗೇರಿತು. “ಸಾವಿರಾರು ಕಿಲೋಮೀಟರ್ ಬಂದದ್ದು ಈ ಬಾಗಿಲನ್ನು ನೋಡುವುದಕ್ಕೇ? ಹತ್ತು ನಿಮಿಷಕ್ಕೆ ಏನಾಗಿಬಿಡುತ್ತದೆ?” ಎಂದು ಅವರು ಪಕ್ಕದಿಂದ ನುಸುಳಲು ನೋಡಿದರು. ಹೆಂಡತಿ ತಡೆಯಲಿಲ್ಲ. ಕೈಯಲ್ಲಿದ್ದ ಬಾಟಲಿಯನ್ನು ಎತ್ತಿ ತೋರಿಸಿದರು. ತಳದಲ್ಲಿ ಎರಡು ಬೆರಳಿನಷ್ಟು ನೀರಿತ್ತು. ತುಂಬಿದ ಡಬ್ಬಗಳೆಲ್ಲ ಗಾಡಿಯಲ್ಲಿದ್ದವು. ಹೊತ್ತು ನಡೆಯುವುದು ಭಾರವೆಂದು ಬಿಟ್ಟುಬಂದವರು ಗಂಡನೇ. ಬಿಸಿಲಿನಲ್ಲಿ ನಡೆಯುವವರು ಗಂಟೆಗೊಂದು ಲೀಟರ್ ನೀರು ಕುಡಿಯಬೇಕೆಂದು ದಾರಿಯ ಆರಂಭದಲ್ಲಿದ್ದ ಫಲಕ ಹೇಳಿತ್ತು. “ನೀವು ಬಿದ್ದರೆ ಇದೇ ಬಿಸಿಲಿನಲ್ಲಿ ನಿಮ್ಮನ್ನು ಹೊತ್ತು ತರಬೇಕಾದವರು ಯಾರದೋ ಮನೆಯ ಮಕ್ಕಳು” ಎಂದರು ಆಕೆ.

ಗಂಡ ಮಾತಿಲ್ಲದೆ ಹಿಂದಿರುಗಿದರು. ಗಾಡಿಗೆ ಇದ್ದ ದೂರ ಸುಮಾರು ಒಂದೇ ಕಿಲೋಮೀಟರ್. ಆದರೆ ಬಂಡೆಗಳು ಕಾದ ಹೆಂಚಿನಂತೆ ಝಳ ಕಾರುತ್ತಿದ್ದವು. ಅರ್ಧದಾರಿಯಲ್ಲಿ ಅವರ ತಲೆ ಸುತ್ತಿತು. ಬೆವರು ಒಮ್ಮೆಗೇ ಆರಿದಂತಾಯಿತು. ಬಂಡೆಯ ನೆರಳಿನಲ್ಲಿ ಎರಡು ಸಲ ಕುಳಿತು, ಉಳಿದಿದ್ದ ಗುಟುಕು ನೀರನ್ನು ಕುಡಿದು, ಹೆಂಡತಿಯ ಭುಜ ಹಿಡಿದು ಅವರು ಗಾಡಿಯನ್ನು ಸೇರಿದರು. ಬಾಗಿಲು ತೆರೆದಿದ್ದರೆ ಈ ಹೊತ್ತಿಗೆ ತಾವು ಎಲ್ಲಿರುತ್ತಿದ್ದೆವೆಂಬ ಯೋಚನೆ ಇಬ್ಬರಿಗೂ ಬಂದಿರಬೇಕು. ಆದರೆ ಯಾರೂ ಅದನ್ನು ಆಡಲಿಲ್ಲ.

ಹಿಂದಿರುಗುವಾಗ ದಾರಿಯ ಬದಿಯ ಮರದಡಿ ಒಂದು ಕೆಂಪು ಕಾಂಗರೂ ಕಾಣಿಸಿತು. ಅದು ತನ್ನ ಮುಂಗೈಗಳನ್ನು ನೆಕ್ಕುತ್ತಿತ್ತು. ಅಲ್ಲಿ ಚರ್ಮದ ಸಮೀಪದಲ್ಲಿಯೇ ರಕ್ತನಾಳಗಳು ಹರಡಿಕೊಂಡಿವೆ. ಜೊಲ್ಲು ಆರಿದಂತೆ ರಕ್ತ ತಂಪಾಗುತ್ತದೆ. ಆ ನಾಡಿನಲ್ಲಿಯೇ ಹುಟ್ಟಿ ಬೆಳೆದ ಪ್ರಾಣಿಯೂ ನಡುಹಗಲಲ್ಲಿ ನೆರಳನ್ನು ಬಿಟ್ಟು ಕದಲದೆಂಬುದನ್ನು ಗಂಡ ಬಹಳ ಹೊತ್ತು ನೋಡಿದರು.

ಮರುದಿನ ನಸುಕಿನಲ್ಲಿಯೇ ಅವರು ಉಲುರು ಬಂಡೆಯ ಬುಡದಲ್ಲಿದ್ದರು. 348 ಮೀಟರ್ ಎತ್ತರದ ಆ ಏಕಶಿಲೆ ಸೂರ್ಯೋದಯದೊಡನೆ ಬೂದು, ನೇರಳೆ, ಕೆಂಡದ ಬಣ್ಣಗಳನ್ನು ತಾಳಿತು. ಅದರಲ್ಲಿರುವ ಕಬ್ಬಿಣದ ಅಂಶಕ್ಕೆ ಹಿಡಿದ ತುಕ್ಕೇ ಆ ಕೆಂಪಿಗೆ ಕಾರಣ. ಅನಂಗು ಜನರಿಗೆ ಅದು ಪವಿತ್ರ ಸ್ಥಳ. 1985ರ ಅಕ್ಟೋಬರ್ 26ರಂದು ಸರ್ಕಾರ ಆ ನೆಲದ ಒಡೆತನವನ್ನು ಅವರಿಗೆ ಹಿಂದಿರುಗಿಸಿತು. ಬಂಡೆಯನ್ನು ಹತ್ತಬೇಡಿರೆಂದು ಅವರು ವರ್ಷಗಟ್ಟಲೆ ವಿನಂತಿಸಿಕೊಂಡರು. ಆದರೂ ಪ್ರವಾಸಿಗಳು ಹತ್ತುತ್ತಿದ್ದರು. ಹಾಗೆ ಹತ್ತಲು ಹೋಗಿ ಮೂವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ತಮ್ಮ ನೆಲದಲ್ಲಿ ಅತಿಥಿಯೊಬ್ಬನು ಸತ್ತರೆ ಅದು ಅನಂಗು ಜನರಿಗೆ ದುಃಖದ ಸಂಗತಿ. ಕೊನೆಗೆ 2019ರ ಅಕ್ಟೋಬರ್ 26ರಂದು ಹತ್ತುವುದನ್ನು ಶಾಶ್ವತವಾಗಿ ನಿಲ್ಲಿಸಲಾಯಿತು.

ಹಿಂದೊಮ್ಮೆ ಅದನ್ನು ಹತ್ತಲೇಬೇಕೆಂದು ಕನಸು ಕಂಡಿದ್ದ ಗಂಡ ಈಗ ಅದರ ಸುತ್ತ ಪ್ರದಕ್ಷಿಣೆ ಹೊರಟರು. ಸುಮಾರು ಹತ್ತು ಕಿಲೋಮೀಟರಿನ ಆ ದಾರಿಯಲ್ಲಿ ಗುಹೆಗಳಿವೆ, ಹಳೆಯ ಚಿತ್ರಗಳಿವೆ, ಮುಟಿಜುಲು ಎಂಬ ತಣ್ಣನೆಯ ನೀರಿನ ಮಡುವಿದೆ. ತುದಿಗೆ ಏರಿದವರ ಕಣ್ಣಿಗೆ ಇವಾವುವೂ ಬೀಳುವಂತಿರಲಿಲ್ಲ.

ಅಲ್ಲಿಂದ ಸುಮಾರು 300 ಕಿಲೋಮೀಟರ್ ದೂರದ ವಟಾರ್ಕಾ ಉದ್ಯಾನದಲ್ಲಿ ಕಿಂಗ್ಸ್ ಕಣಿವೆಯನ್ನು ನೋಡುವುದಿತ್ತು. ಸೆಕೆ ಹೆಚ್ಚಿರುವ ದಿನಗಳಲ್ಲಿ ಅಂಚಿನ ದಾರಿಯನ್ನು ಬೆಳಗ್ಗೆ 9 ಗಂಟೆಯೊಳಗೆ ಹಿಡಿಯಬೇಕು. ಈ ಸಲ ನಾಲ್ಕು ಗಂಟೆಗೆ ಎದ್ದು ದೀಪ ಹಚ್ಚಿದವರು ಗಂಡ. ನೂರು ಮೀಟರಿಗೂ ಮಿಗಿಲಾದ ಬಂಡೆಯ ಗೋಡೆಗಳ ಮೇಲೆ ಎಳೆಬಿಸಿಲು ಇಳಿಯುವುದನ್ನು ಅವರಿಬ್ಬರೂ ಮೇಲೆ ನಿಂತು ಕಂಡರು. ಬಂಡೆಗಳ ಸಂದಿನಲ್ಲಿ ನೀರಿನ ಸುತ್ತ ಹಸಿರಾಗಿ ಉಳಿದುಕೊಂಡ ಪುರಾತನ ಗಿಡಗಳನ್ನು ಕಂಡರು. ಬಿಸಿಲೇರುವ ಮೊದಲೇ ಗಾಲಿಮನೆಗೆ ಮರಳಿದರು.

ಪರರ ಮನೆಗೆ ಹೋದವನು ಆ ಮನೆಯ ಹೊತ್ತನ್ನು ಅರಿತು ನಡೆಯುತ್ತಾನೆ. ಊಟದ ವೇಳೆ ಯಾವುದು, ಯಾವ ಕೋಣೆಗೆ ಹೋಗಬಾರದು ಎಂಬುದನ್ನು ತಿಳಿದು ವರ್ತಿಸುತ್ತಾನೆ. ನಾಡುಗಳಿಗೂ ಅಂಥ ವೇಳೆಗಳಿವೆ, ಅಂಥ ಬಾಗಿಲುಗಳಿವೆ. ಅವು ಅತಿಥಿಯ ಅವಮಾನಕ್ಕಾಗಿ ಇರುವುವಲ್ಲ.

ಮರಳುವ ದಾರಿಯಲ್ಲಿ ನೀರಿನ ಡಬ್ಬಗಳನ್ನು ತುಂಬಿದವರು ಗಂಡ. ನಲವತ್ತು ಲೀಟರ್ ಆದ ಮೇಲೆ ಇನ್ನೂ ಒಂದು ಡಬ್ಬವನ್ನು ಕೊಳಾಯಿಗೆ ಹಿಡಿದರು. ಇದು ಏಕೆಂದು ಹೆಂಡತಿ ಕೇಳಿದಾಗ, “ಹಾದಿಯಲ್ಲಿ ಯಾರಿಗಾದರೂ ಬೇಕಾದೀತು” ಎಂದರು.